ತೋರಿಸುವ ಪರದೆಗಿಂತ ಕೇಳುವ ಪರದೆ

ತರಗತಿಗೆ ತಂತ್ರಜ್ಞಾನ ಬಂತು ಎಂದರೆ ಹೆಚ್ಚಿನ ಕಡೆ ಪ್ರೊಜೆಕ್ಟರ್ ಬಂತು ಎಂದೇ ಅರ್ಥ. ಕರಿಹಲಗೆಯ ಮೇಲೆ ಬರೆಯುತ್ತಿದ್ದದ್ದು ಸ್ಲೈಡಿಗೆ ಬರುತ್ತದೆ, ಪುಸ್ತಕದ ಚಿತ್ರ ಗೋಡೆಯಗಲ ಕಾಣುತ್ತದೆ, ನಡುವೆ ಒಂದು ವಿಡಿಯೊ ಓಡುತ್ತದೆ. ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಅರ್ಥವಾಯಿತೇ ಎಂದು ಕೇಳಿದರೆ ಒಕ್ಕೊರಲಿನಿಂದ ಹೌದು ಎನ್ನುತ್ತಾರೆ. ಆ ಹೌದಿನಲ್ಲಿ ಎಷ್ಟು ನಿಜ ಎಂಬುದು ತಿಳಿಯುವುದು ಉತ್ತರ ಪತ್ರಿಕೆ ತಿದ್ದಲು ಕೂತಾಗ. ಅಷ್ಟು ಹೊತ್ತಿಗೆ ಪಾಠ ಮೂರು ಅಧ್ಯಾಯ ಮುಂದೆ ಹೋಗಿರುತ್ತದೆ.

ತಂತ್ರಜ್ಞಾನದಿಂದ ಕಲಿಕೆಗೆ ಆಗುವ ದೊಡ್ಡ ಉಪಕಾರ ಈ ತಡವನ್ನು ಕಳೆಯುವುದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಲವತ್ತು ಮಕ್ಕಳಲ್ಲಿ ಯಾರಿಗೆ ಏನು ತಿಳಿದಿದೆ, ಯಾರು ಎಲ್ಲಿ ಎಡವಿದ್ದಾರೆ ಎಂಬುದು ಎರಡು ನಿಮಿಷದಲ್ಲಿ ಶಿಕ್ಷಕರ ಕಣ್ಣಿಗೆ ಬೀಳಬೇಕು. ಕಲಿತದ್ದನ್ನು ಪ್ರತಿ ಮಗುವೂ ಪುಸ್ತಕ ನೋಡದೆ ತನ್ನ ತಲೆಯಿಂದಲೇ ಮತ್ತೆ ಮತ್ತೆ ಹೊರತೆಗೆಯಬೇಕು. ಇದಕ್ಕೆ ದುಬಾರಿ ಸಲಕರಣೆ ಬೇಡ. ಒಂದು ಫೋನ್, ಒಂದಿಷ್ಟು ಮುದ್ರಿತ ಕಾರ್ಡು, ಉಚಿತವಾಗಿ ಸಿಗುವ ಎರಡು ಮೂರು ತಂತ್ರಾಂಶ ಸಾಕು. ಹೆಚ್ಚು ಶ್ರಮ ಬೇಡುವುದು ಪ್ರಶ್ನೆ ಬರೆಯುವ ಕೆಲಸ. ಅದರ ಬಗ್ಗೆಯೇ ಇಲ್ಲಿ ಹೆಚ್ಚು ಬರೆದಿದ್ದೇನೆ.

ಓದುವುದಕ್ಕೂ ನೆನಪಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಹೇಳಿಬಿಡುತ್ತೇನೆ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಚಿಕ್ಕ ಗದ್ಯಭಾಗಗಳನ್ನು ಓದಿದರು. ಕೆಲವು ಭಾಗಗಳನ್ನು ಎರಡನೆಯ ಸಲವೂ ಓದಿದರು. ಕೆಲವನ್ನು ಎರಡನೆಯ ಸಲ ಓದುವ ಬದಲು, ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮೇಲು: ಶೇ. 81ಕ್ಕೆ ಎದುರಾಗಿ ಶೇ. 75. ಒಂದು ವಾರದ ನಂತರ ಲೆಕ್ಕ ತಿರುಗಿತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇ. 42, ಒಮ್ಮೆ ಓದಿ ಒಮ್ಮೆ ನೆನಪಿಸಿಕೊಂಡದ್ದರಲ್ಲಿ ಶೇ. 56. ಬರೆದವರಿಗೆ ಸರಿ ತಪ್ಪು ಯಾವುದೆಂದು ಯಾರೂ ತಿಳಿಸಿರಲಿಲ್ಲ. ನೆನಪಿಸಿಕೊಂಡ ಶ್ರಮಕ್ಕೇ ಇಷ್ಟು ಫಲ. ಕೂಡಲೇ ಕೇಳಿದರೆ ಓದಿದವರೇ ಮುಂದಿರುತ್ತಾರೆ ಎಂಬುದನ್ನು ಗಮನಿಸಬೇಕು. ಮಕ್ಕಳಿಗೂ ಪಾಲಕರಿಗೂ ಬರೀ ಓದೇ ಒಳ್ಳೆಯ ಅಭ್ಯಾಸದಂತೆ ಕಾಣುವುದು ಇದೇ ಕಾರಣಕ್ಕೆ.

ತಪ್ಪು ಉತ್ತರ ಬರೆಯುವ ಕೆಲಸ

ಬಹು ಆಯ್ಕೆ ಪ್ರಶ್ನೆಗೆ ಹೆಸರು ಕೆಟ್ಟಿರುವುದು ಅದನ್ನು ಅಸಡ್ಡೆಯಿಂದ ಬರೆಯುವುದರಿಂದ. ಒಂದು ಸರಿ ಉತ್ತರ ಬರೆದು, ಉಳಿದ ಮೂರು ಜಾಗಕ್ಕೆ ಬಾಯಿಗೆ ಬಂದದ್ದನ್ನು ತುಂಬಿದರೆ ಮಗು ಓದದೆಯೇ ಸರಿಯಾದದ್ದನ್ನು ಆರಿಸುತ್ತದೆ. ಒಳ್ಳೆಯ ಪ್ರಶ್ನೆಯಲ್ಲಿ ಪ್ರತಿ ತಪ್ಪು ಉತ್ತರಕ್ಕೂ ಒಂದು ಹಿನ್ನೆಲೆ ಇರುತ್ತದೆ: ಹೀಗೆ ಯೋಚಿಸಿದರೆ ಈ ಉತ್ತರ ಬರುತ್ತದೆ ಎಂದು ಶಿಕ್ಷಕರು ಮೊದಲೇ ಹೇಳಬಲ್ಲವರಾಗಿರಬೇಕು.

ಭಿನ್ನರಾಶಿಯ ಸಂಕಲನವನ್ನೇ ನೋಡಿ. 1/2 + 1/3 ಎಷ್ಟು? ಆಯ್ಕೆಗಳು: 2/5, 5/6, 2/6, 1/6. ಸರಿ ಉತ್ತರ 5/6. 2/5 ಹೇಳಿದ ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದೆ. ಭಿನ್ನರಾಶಿ ಎಂದರೆ ಒಂದರ ಮೇಲೊಂದು ಕೂತ ಎರಡು ಬಿಡಿ ಸಂಖ್ಯೆ ಎಂದುಕೊಂಡಿದೆ. 2/6 ಹೇಳಿದ ಮಗುವಿಗೆ ಛೇದಗಳನ್ನು ಸಮ ಮಾಡಬೇಕೆಂದು ಗೊತ್ತು, ಲ.ಸಾ.ಅ. ಕೂಡ ಸರಿಯಾಗಿ ತೆಗೆದಿದೆ, ಆದರೆ ಛೇದ ಬದಲಾದಂತೆ ಅಂಶವೂ ಬದಲಾಗಬೇಕು ಎಂಬುದು ಬಿಟ್ಟುಹೋಗಿದೆ. 1/6 ಹೇಳಿದ್ದು ಗುಣಿಸಿದೆ. ಮೂರೂ ತಪ್ಪೇ, ಆದರೆ ಮೂವರಿಗೆ ಬೇಕಾದ ಪಾಠ ಬೇರೆ ಬೇರೆ. ಮೊದಲನೆಯ ಮಗುವಿಗೆ ಅರ್ಧ ಎಂದರೇನು, ಮೂರನೇ ಒಂದು ಎಂದರೇನು ಎಂಬುದನ್ನು ಪಟ್ಟಿ ಎಳೆದು ತೋರಿಸಬೇಕು, 2/5 ಅರ್ಧಕ್ಕಿಂತಲೂ ಕಡಿಮೆಯಲ್ಲವೇ ಎಂದು ಕೇಳಬೇಕು. ಎರಡನೆಯದಕ್ಕೆ 1/3 ಮತ್ತು 2/6 ಒಂದೇ ಎಂಬ ಒಂದು ಹೆಜ್ಜೆ ಸಾಕು. ಮೂರನೆಯದು ಬಹುಶಃ ಚಿಹ್ನೆಯನ್ನು ಸರಿಯಾಗಿ ನೋಡಿಲ್ಲ. 'ಹದಿನೆಂಟು ಜನ ತಪ್ಪು' ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. 'ಹನ್ನೊಂದು ಜನ 2/5, ಐದು ಜನ 2/6, ಇಬ್ಬರು 1/6' ಎಂದಾಗ ಮುಂದಿನ ಹತ್ತು ನಿಮಿಷ ಏನು ಮಾಡಬೇಕೆಂಬುದು ತಾನಾಗಿ ತೀರ್ಮಾನವಾಗುತ್ತದೆ.

ಇಂಥ ತಪ್ಪುಗಳು ಸಿಗುವುದು ಹಳೆಯ ಉತ್ತರ ಪತ್ರಿಕೆಗಳಲ್ಲಿ. ಆಯ್ಕೆಗಳನ್ನು ಕೊಡದೆ ಅದೇ ಪ್ರಶ್ನೆಯನ್ನು ಮೊದಲು ಒಂದು ತರಗತಿಗೆ ಕೊಟ್ಟು, ಬಂದ ಉತ್ತರಗಳಲ್ಲಿ ಹೆಚ್ಚು ಸಲ ಕಾಣಿಸಿದ ಮೂರನ್ನು ಆಯ್ಕೆಯಾಗಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ.

ಪ್ರಶ್ನೆಯನ್ನು ಕೆಡಿಸುವ ಇನ್ನೂ ಕೆಲವು ಸಂಗತಿಗಳಿವೆ. ಸರಿ ಉತ್ತರವೇ ಎಲ್ಲಕ್ಕಿಂತ ಉದ್ದವಾಗಿರುವುದು ತುಂಬ ಸಾಮಾನ್ಯ. ಪಕ್ಕಾ ಇರಲಿ ಎಂದು ನಾವೇ ಅದಕ್ಕೆ ವಿಶೇಷಣಗಳನ್ನು ಸೇರಿಸುತ್ತಾ ಹೋಗಿರುತ್ತೇವೆ. 'ಮೇಲಿನ ಎಲ್ಲವೂ' ಎಂಬ ಆಯ್ಕೆಯಿದ್ದರೆ, ಎರಡು ಸರಿ ಎಂದು ಗೊತ್ತಿರುವ ಮಗು ಮೂರನೆಯದನ್ನು ಓದುವುದೇ ಇಲ್ಲ. ಪ್ರಶ್ನೆಯಲ್ಲಿ 'ಅಲ್ಲ' ಇದ್ದರೆ ವಿಷಯ ಗೊತ್ತಿದ್ದವರೂ ಅವಸರದಲ್ಲಿ ಎಡವುತ್ತಾರೆ. ಕನ್ನಡದಲ್ಲಿ ವ್ಯಾಕರಣವೇ ಗುಟ್ಟು ಬಿಟ್ಟುಕೊಡುವುದುಂಟು: ಪ್ರಶ್ನೆ 'ಯಾರು' ಎಂದು ಶುರುವಾಗಿ, ನಾಲ್ಕು ಆಯ್ಕೆಯಲ್ಲಿ ಒಂದೇ ಒಂದು ವ್ಯಕ್ತಿಯ ಹೆಸರಿದ್ದರೆ, ಅಥವಾ ಬಿಟ್ಟ ಸ್ಥಳದ ಮುಂದಿನ ವಿಭಕ್ತಿ ಪ್ರತ್ಯಯ ಒಂದೇ ಪದಕ್ಕೆ ಹೊಂದಿದರೆ, ಪಾಠ ಓದಿರಬೇಕಾದ ಅಗತ್ಯವೇ ಇಲ್ಲ.

ಎಲ್ಲರಿಂದಲೂ ಉತ್ತರ ಪಡೆಯುವುದು

ಕೈ ಎತ್ತಿಸಿದರೆ ಗೊತ್ತಿರುವ ಐದಾರು ಮಕ್ಕಳ ಕೈ ಮೇಲೇಳುತ್ತದೆ, ಉಳಿದವರು ಅವರನ್ನು ನೋಡಿ ಎತ್ತುತ್ತಾರೆ. ಪ್ರತಿಯೊಬ್ಬರೂ ಪಕ್ಕದವರದ್ದನ್ನು ನೋಡದೆ ಉತ್ತರಿಸಬೇಕು, ಎಲ್ಲರದ್ದೂ ದಾಖಲಾಗಬೇಕು. ಮಕ್ಕಳ ಕೈಯಲ್ಲಿ ಫೋನ್ ಇಲ್ಲದ ತರಗತಿಗೆ ಪ್ಲಿಕರ್ಸ್ ಎಂಬ ಏರ್ಪಾಡು ಚೆನ್ನಾಗಿ ಹೊಂದುತ್ತದೆ. ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡು, ಅದರ ಮೇಲೆ ಕಪ್ಪು ಚೌಕಗಳ ಒಂದು ವಿನ್ಯಾಸ, ನಾಲ್ಕು ಅಂಚಿಗೆ ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳು. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡನ್ನು ಹಿಡಿಯುತ್ತದೆ. ಶಿಕ್ಷಕರು ಫೋನಿನ ಕ್ಯಾಮೆರಾವನ್ನು ತರಗತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಆಡಿಸಿದರೆ ಎಲ್ಲರ ಉತ್ತರ ಹೆಸರು ಸಮೇತ ದಾಖಲಾಗುತ್ತದೆ. ಕಾರ್ಡಿನ ಸಂಖ್ಯೆ ಆ ಮಗುವಿನ ಹೆಸರಿಗೆ ಜೋಡಿಸಿರುವುದರಿಂದ ಒಬ್ಬರ ಕಾರ್ಡು ಇನ್ನೊಬ್ಬರ ಕೈಗೆ ಹೋಗಬಾರದು. ಹಾಜರಿ ಸಂಖ್ಯೆಯನ್ನೇ ಕಾರ್ಡಿನ ಸಂಖ್ಯೆ ಮಾಡಿಕೊಂಡರೆ ಗೊಂದಲವಿಲ್ಲ.

ಇದರಲ್ಲಿ ತೊಂದರೆ ಕೊಡುವುದು ಹೆಚ್ಚಾಗಿ ಕಾರ್ಡುಗಳೇ. ಬಾಳಿಕೆ ಬರಲಿ ಎಂದು ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಕಿಟಕಿಯ ಬೆಳಕು ಅದರ ಮೇಲೆ ಪ್ರತಿಫಲಿಸಿ ಕ್ಯಾಮೆರಾಗೆ ವಿನ್ಯಾಸ ಕಾಣುವುದಿಲ್ಲ. ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ, ಇಲ್ಲವೇ ದಪ್ಪ ಕಾಗದದ ಮೇಲೆ ಮುದ್ರಿಸಿ ಹಾಗೆಯೇ ಬಿಡಿ. ವಿನ್ಯಾಸದ ಮೇಲೆ ಬೆರಳು ಬಂದರೂ ಓದುವುದಿಲ್ಲ. ಅಂಚನ್ನು ಮಾತ್ರ ಹಿಡಿಯಲು ಹೇಳಿಕೊಡಬೇಕು. ಹಿಂದಿನ ಬೆಂಚಿನವರ ಕಾರ್ಡು ಮುಂದಿನವರ ತಲೆಯ ಹಿಂದೆ ಮರೆಯಾಗುತ್ತದೆ, ಹಾಗಾಗಿ ಒಂದು ಬದಿಯಿಂದ ಓದಿದ ಮೇಲೆ ಎರಡು ಹೆಜ್ಜೆ ಸರಿದು ಇನ್ನೊಮ್ಮೆ ಕ್ಯಾಮೆರಾ ಆಡಿಸಿ.

ಎಲ್ಲರಲ್ಲೂ ಫೋನೋ ಟ್ಯಾಬೋ ಇರುವಲ್ಲಿ ಗೂಗಲ್ ಫಾರ್ಮ್ಸ್, ಕಹೂಟ್ ಮುಂತಾದವು ಬಳಕೆಯಲ್ಲಿವೆ. ಕಹೂಟ್‌ನಂಥ ಆಟಗಳಲ್ಲಿ ಬೇಗ ಒತ್ತಿದವರಿಗೆ ಹೆಚ್ಚು ಅಂಕ ಸಿಗುವ ವ್ಯವಸ್ಥೆಯಿರುತ್ತದೆ. ತರಗತಿ ಗದ್ದಲದಿಂದ ಗೆಲುವಾಗುತ್ತದೆ ನಿಜ, ಆದರೆ ಯೋಚಿಸಿ ಉತ್ತರಿಸುವ ಮಗು ಕೆಳಗೆ ಉಳಿಯುತ್ತದೆ, ನಾಲ್ಕನೆಯ ಪ್ರಶ್ನೆಯ ಹೊತ್ತಿಗೆ ಅದೂ ಊಹಿಸಿ ಒತ್ತತೊಡಗುತ್ತದೆ. ತಿಳಿವಳಿಕೆ ಅಳೆಯಲು ಬಳಸುವಾಗ ವೇಗದ ಅಂಕವನ್ನು ತೆಗೆದುಬಿಡಿ, ಸಮಯ ಧಾರಾಳವಾಗಿ ಕೊಡಿ. ಯಾವ ತಂತ್ರಾಂಶವಾದರೂ ಸರಿ, ಮತ ಬೀಳುತ್ತಿರುವಾಗಲೇ ಪ್ರತಿ ಆಯ್ಕೆಯ ಮತ ತೋರಿಸುವ ಪಟ್ಟಿಗಳು ಪರದೆಯ ಮೇಲೆ ಏರುವುದು ಕಾಣಬಾರದು. ತಡವಾಗಿ ಉತ್ತರಿಸುವವರು ಎತ್ತರದ ಪಟ್ಟಿಯನ್ನೇ ಆರಿಸುತ್ತಾರೆ.

ಶೇಕಡಾವಾರು ಓದುವುದು

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ಶುರುಮಾಡಿದ ಸಹಪಾಠಿ ಬೋಧನೆ ಎಂಬ ಕ್ರಮ ಇಲ್ಲಿ ಬಹಳ ಉಪಯುಕ್ತ. ಪ್ರಶ್ನೆ ತೋರಿಸಿ, ಒಂದೆರಡು ನಿಮಿಷ ಪ್ರತಿಯೊಬ್ಬರೂ ಮೌನವಾಗಿ ಯೋಚಿಸಿ ಉತ್ತರ ಕೊಡಬೇಕು. ಸರಿ ಉತ್ತರ ಶೇ. 30ಕ್ಕಿಂತ ಕಡಿಮೆಯಿದ್ದರೆ ವಿಷಯವನ್ನೇ ಇನ್ನೊಮ್ಮೆ ಕಲಿಸಬೇಕು. ಶೇ. 70 ದಾಟಿದ್ದರೆ ಚಿಕ್ಕ ವಿವರಣೆ ಕೊಟ್ಟು ಮುಂದೆ ಹೋಗಬಹುದು. ನಡುವೆ ಇದ್ದರೆ ಸರಿ ಉತ್ತರ ಹೇಳದೆ, ಬೇರೆ ಉತ್ತರ ಕೊಟ್ಟ ಪಕ್ಕದವರನ್ನು ಒಪ್ಪಿಸಿ ಎಂದು ಬಿಟ್ಟು, ಎರಡು ಮೂರು ನಿಮಿಷದ ಮಾತುಕತೆಯ ನಂತರ ಇನ್ನೊಮ್ಮೆ ಮತ ತೆಗೆದುಕೊಳ್ಳಬೇಕು.

ಜಾಣ ಮಗು ಹೇಳಿದ್ದನ್ನು ಉಳಿದವರು ಒಪ್ಪಿಕೊಳ್ಳುತ್ತಾರೆ, ಅದರಲ್ಲಿ ಕಲಿಕೆ ಎಲ್ಲಿದೆ ಎಂಬ ಅನುಮಾನ ಸಹಜ. 2009ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ತಳಿಶಾಸ್ತ್ರ ತರಗತಿಯಲ್ಲಿ ಇದನ್ನೇ ಪರೀಕ್ಷಿಸಿದರು. ಚರ್ಚೆಯ ನಂತರ ಅದೇ ತತ್ತ್ವದ ಮೇಲಿನ ಇನ್ನೊಂದು ಪ್ರಶ್ನೆಯನ್ನು ಒಬ್ಬೊಬ್ಬರೇ ಉತ್ತರಿಸಬೇಕಿತ್ತು. ಗುಂಪಿನಲ್ಲಿ ಯಾರಿಗೂ ಮೊದಲು ಸರಿ ಉತ್ತರ ಗೊತ್ತಿರದಿದ್ದಾಗಲೂ ಚರ್ಚೆಯಿಂದ ತಿಳಿವಳಿಕೆ ಹೆಚ್ಚಿತ್ತು. ಮಾತಾಡುತ್ತ ಹೋದಂತೆ ತಮ್ಮ ತರ್ಕದ ಬಿರುಕು ತಮಗೇ ಕಾಣಿಸುತ್ತದೆ.

ಇದಕ್ಕೆ ತಕ್ಕ ಪ್ರಶ್ನೆ ಹೇಗಿರಬೇಕು? 'ಗುರುತ್ವ ವೇಗೋತ್ಕರ್ಷದ ಬೆಲೆ ಎಷ್ಟು' ಎಂದರೆ ಚರ್ಚೆಗೆ ಏನೂ ಉಳಿಯುವುದಿಲ್ಲ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. 'ನೇರ ಮೇಲಕ್ಕೆ ಎಸೆದ ಚೆಂಡು ಅತ್ಯಂತ ಎತ್ತರ ಮುಟ್ಟಿದ ಕ್ಷಣದಲ್ಲಿ ಅದರ ವೇಗೋತ್ಕರ್ಷ: ಸೊನ್ನೆ, ಮೇಲ್ಮುಖ, ಕೆಳಮುಖ, ಚೆಂಡಿನ ತೂಕದ ಮೇಲೆ ಅವಲಂಬಿತ' ಎಂದು ಕೇಳಿ. ಆ ಕ್ಷಣ ವೇಗ ಸೊನ್ನೆ, ಆದ್ದರಿಂದ ವೇಗೋತ್ಕರ್ಷವೂ ಸೊನ್ನೆ ಎಂದು ಒಂದು ಬಣ ಪಟ್ಟು ಹಿಡಿಯುತ್ತದೆ. ಹಾಗಾದರೆ ಚೆಂಡು ಅಲ್ಲೇ ನಿಂತಿರಬೇಕಿತ್ತಲ್ಲ ಎಂದು ಇನ್ನೊಬ್ಬರು ಕೇಳುತ್ತಾರೆ. ಶಿಕ್ಷಕರು ಹೇಳಬೇಕಿದ್ದ ಮಾತು ಬೆಂಚಿನಿಂದಲೇ ಬರುತ್ತದೆ.

ಶೇಕಡಾವಾರು ನೋಡುವಾಗ ಊಹೆಯ ಪಾಲನ್ನು ಕಳೆಯುವುದನ್ನು ಮರೆಯಬಾರದು. ನಾಲ್ಕು ಆಯ್ಕೆಯಿದ್ದಾಗ ಏನೂ ಗೊತ್ತಿಲ್ಲದ ನಲವತ್ತು ಮಂದಿಯಲ್ಲಿ ಸುಮಾರು ಹತ್ತು ಮಂದಿ ಸರಿ ಹೇಳುತ್ತಾರೆ. ಬಂದ ಶೇಕಡಾವಾರಿನಿಂದ 25 ಕಳೆದು, ಉಳಿದದ್ದನ್ನು 0.75ರಿಂದ ಭಾಗಿಸಿದರೆ ನಿಜವಾಗಿ ಗೊತ್ತಿದ್ದವರ ಅಂದಾಜು ಸಿಗುತ್ತದೆ. ಶೇ. 62 ಸರಿ ಬಂದರೆ ತರಗತಿಯ ಅರ್ಧಕ್ಕೆ ಮಾತ್ರ ಗೊತ್ತಿದೆ, ಶೇ. 70 ಬಂದರೂ ಗೊತ್ತಿರುವುದು ಶೇ. 60 ಮಂದಿಗೆ. ಮುಂದಿನ ಪಾಠ ಇದರ ಮೇಲೆಯೇ ನಿಲ್ಲುವಂಥದ್ದಾದರೆ ನಾನು ಶೇ. 70ಕ್ಕೆ ತೃಪ್ತಿಪಡುವುದಿಲ್ಲ, 85ಕ್ಕೆ ಕಾಯುತ್ತೇನೆ. ಮೇಲಿನ ಭಿನ್ನರಾಶಿ ಪ್ರಶ್ನೆಯಂತೆ ತಪ್ಪುಗಳೆಲ್ಲ ಆಕರ್ಷಕವಾಗಿದ್ದರೆ ಸರಿ ಉತ್ತರ ಶೇ. 25ಕ್ಕಿಂತಲೂ ಕೆಳಗಿಳಿಯಬಹುದು. ಅದು ಊಹೆಯಲ್ಲ, ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿದೆ ಎಂಬುದರ ಗುರುತು.

ಫಾರ್ಮ್ಸ್‌ನಲ್ಲಿ ಕೈಕೊಡುವ ಜಾಗಗಳು

ಮನೆಗೆಲಸಕ್ಕೆ ಗೂಗಲ್ ಫಾರ್ಮ್ಸ್ ಸಾಕಷ್ಟಾಯಿತು. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಕ್ವಿಜ್ ಆಗಿ ಬದಲಿಸಿ, ಪ್ರತಿ ಪ್ರಶ್ನೆಗೆ ಉತ್ತರ ಮತ್ತು ಅಂಕ ಗುರುತಿಸಿದರೆ ತಿದ್ದುವ ಕೆಲಸ ಯಂತ್ರಕ್ಕೆ ಬಿಟ್ಟದ್ದು. ತಪ್ಪು ಉತ್ತರಕ್ಕೆ ತೋರಿಸಬೇಕಾದ ವಿವರಣೆಯನ್ನು ಬರೆಯಲು ಪ್ರತಿ ಪ್ರಶ್ನೆಯಲ್ಲೂ ಜಾಗವಿದೆ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ, ಬಿಡಬಾರದು. ಆಯ್ಕೆಗೆ ತಕ್ಕಂತೆ ಬೇರೆ ಬೇರೆ ವಿಭಾಗಕ್ಕೆ ಕಳಿಸುವ ಸೌಲಭ್ಯ ಇನ್ನೂ ಒಳ್ಳೆಯದು. 2/5 ಆರಿಸಿದ ಮಗು ಚಿತ್ರವಿರುವ ವಿವರಣೆಯ ವಿಭಾಗಕ್ಕೆ ಹೋಗಿ, ಅಲ್ಲಿ 1/2 + 1/4 ಮಾಡಿ, ಆಮೇಲೆ ಮುಖ್ಯ ದಾರಿಗೆ ಮರಳುವಂತೆ ಮಾಡಬಹುದು. ಇದಕ್ಕೆ ಪ್ರತಿ ಪ್ರಶ್ನೆಯೂ ಒಂದೊಂದು ವಿಭಾಗದ ಕೊನೆಯಲ್ಲಿರಬೇಕು, ವಿವರಣೆಯ ವಿಭಾಗ ಮುಗಿದ ಮೇಲೆ ಎಲ್ಲಿಗೆ ಹೋಗಬೇಕೆಂದು ಪ್ರತ್ಯೇಕವಾಗಿ ಗುರುತಿಸಬೇಕು. ಗುರುತಿಸದಿದ್ದರೆ ಅದು ಸುಮ್ಮನೆ ಮುಂದಿನ ವಿಭಾಗಕ್ಕೆ, ಅಂದರೆ ಬೇರೆ ಯಾವುದೋ ತಪ್ಪಿನ ವಿವರಣೆಗೆ ಹೋಗುತ್ತದೆ. ಕಳಿಸುವ ಮೊದಲು ಪ್ರತಿ ತಪ್ಪು ಉತ್ತರವನ್ನೂ ನೀವೇ ಒಮ್ಮೆ ಒತ್ತಿ ನೋಡಿ.

ಆಯ್ಕೆಗಳ ಕ್ರಮ ಕಲೆಸುವ ಗುಂಡಿ ಒತ್ತಿದರೆ ನಕಲು ಕಡಿಮೆಯಾಗುತ್ತದೆ. ಆದರೆ ಆಯ್ಕೆಯಲ್ಲಿ 'ಮೇಲಿನ ಎರಡೂ' ಎಂದಿದ್ದರೆ ಅದು ಎಲ್ಲಕ್ಕಿಂತ ಮೇಲೆ ಹೋಗಿ ಕೂರಬಹುದು, 'ಎ ಮತ್ತು ಬಿ' ಎಂದು ಬರೆದಿದ್ದರೆ ಎ ಯಾವುದೆಂದೇ ತಿಳಿಯುವುದಿಲ್ಲ.

ಕನ್ನಡದಲ್ಲಿ ಟೈಪ್ ಮಾಡಿ ಉತ್ತರಿಸುವ ಪ್ರಶ್ನೆಗಳನ್ನು ಯಂತ್ರದಿಂದ ತಿದ್ದಿಸುವುದಾದರೆ ಹುಷಾರಾಗಿರಬೇಕು. ಮಗು 12 ಎಂದು ಬರೆದದ್ದೂ ೧೨ ಎಂದು ಬರೆದದ್ದೂ ಯಂತ್ರಕ್ಕೆ ಬೇರೆ ಬೇರೆ. ಅರ್ಕಾವೊತ್ತಿನಿಂದ ಬರೆದ 'ಸೂರ್ಯ', ರಕಾರ ಪೂರ್ಣವಾಗಿ ಉಳಿಯುವಂತೆ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಅಕ್ಷರ ಹಾಕಿ ಬರೆದ 'ಸೂರ‍್ಯ', ಓದುವವರಿಗೆ ಒಂದೇ, ಹೋಲಿಸಿ ನೋಡುವ ಯಂತ್ರಕ್ಕೆ ಎರಡು. 'ದ್ಯುತಿಸಂಶ್ಲೇಷಣೆ'ಯನ್ನು ಮಕ್ಕಳು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಒಂದೋ ಒಪ್ಪಬಹುದಾದ ರೂಪಗಳನ್ನೆಲ್ಲ ಉತ್ತರದ ಪಟ್ಟಿಗೆ ಸೇರಿಸಬೇಕು, ಇಲ್ಲವೇ ಟೈಪ್ ಮಾಡುವ ಪ್ರಶ್ನೆಯನ್ನು ಅಂಕಿಯಲ್ಲಿ ಉತ್ತರವಿರುವ ಲೆಕ್ಕಗಳಿಗೆ ಮಾತ್ರ ಇಟ್ಟುಕೊಳ್ಳಬೇಕು. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಯುನಿಕೋಡ್ ಅಲ್ಲದ ಕಡತದಿಂದ ಪ್ರಶ್ನೆಗಳನ್ನು ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಿ. ಪರಿವರ್ತನೆಯಾದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಲೇಬೇಕು, ಹೆಚ್ಚು ಕೆಡುವುದು ಅಲ್ಲೇ.

ಮರೆಯುವ ಹೊತ್ತಿಗೆ ಕೇಳುವುದು

ಇವತ್ತಿನ ಪಾಠದ ಪ್ರಶ್ನೆಯನ್ನು ಇವತ್ತೇ ಕೇಳಿ ಬಿಟ್ಟರೆ ಅರ್ಧ ಕೆಲಸ ಆದಂತೆ. ಅದೇ ಪ್ರಶ್ನೆ ಮುಂದಿನ ತರಗತಿಯಲ್ಲಿ, ಆಮೇಲೆ ಒಂದು ವಾರಕ್ಕೆ, ಆಮೇಲೆ ಒಂದು ತಿಂಗಳಿಗೆ ಮತ್ತೆ ಬರಬೇಕು. ಎಷ್ಟು ಅಂತರ ಬಿಡಬೇಕು ಎಂಬುದು ಎಷ್ಟು ದಿನ ನೆನಪಿರಬೇಕು ಎಂಬುದನ್ನು ಅವಲಂಬಿಸಿದೆ. 2008ರಲ್ಲಿ ನಿಕೋಲಸ್ ಸೆಪೆಡಾ ಮತ್ತು ಸಂಗಡಿಗರು ಕಂಡುಕೊಂಡಂತೆ, ಒಂದು ವಾರದ ನಂತರ ಪರೀಕ್ಷೆ ಇದ್ದರೆ ಆ ಅವಧಿಯ ಶೇ. 20ರಿಂದ 40ರಷ್ಟು, ಒಂದು ವರ್ಷದ ನಂತರ ಇದ್ದರೆ ಶೇ. 5ರಿಂದ 10ರಷ್ಟು ಅಂತರ ಹೆಚ್ಚು ಫಲ ಕೊಡುತ್ತದೆ. ಅಂದರೆ ವಾರದ ಕಿರುಪರೀಕ್ಷೆಗೆ ಎರಡು ದಿನ, ವಾರ್ಷಿಕ ಪರೀಕ್ಷೆಗೆ ಮೂರರಿಂದ ಐದು ವಾರ. ಹಾಗಾಗಿ ಪ್ರತಿ ತರಗತಿಯ ಮೊದಲ ಐದು ನಿಮಿಷಕ್ಕೆ ನಾಲ್ಕು ಪ್ರಶ್ನೆ ಇಟ್ಟುಕೊಳ್ಳಿ: ಎರಡು ನಿನ್ನೆಯದು, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು.

ಒಬ್ಬೊಬ್ಬರ ಮರೆವಿಗೆ ತಕ್ಕಂತೆ ಅಂತರ ಲೆಕ್ಕ ಹಾಕುವ ಕೆಲಸವನ್ನು ಆಂಕಿ ಮಾಡುತ್ತದೆ. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ ಇರುವ ಕಾರ್ಡುಗಳನ್ನು ಅದು ಪರದೆಯ ಮೇಲೆ ತೋರಿಸುತ್ತದೆ. 2006ರಿಂದ ಇರುವ ಈ ತಂತ್ರಾಂಶ ಕಂಪ್ಯೂಟರಿನಲ್ಲೂ, ಆಂಕಿಡ್ರಾಯ್ಡ್ ಎಂಬ ಹೆಸರಿನಲ್ಲಿ ಆಂಡ್ರಾಯ್ಡ್ ಫೋನಿನಲ್ಲೂ ಉಚಿತ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಇದರ ಹಳೆಯ ಲೆಕ್ಕಾಚಾರ 1980ರ ದಶಕದ ಸೂಪರ್‌ಮೆಮೊ ಕ್ರಮದಿಂದ ಬಂದದ್ದು. 2023ರ ಆವೃತ್ತಿಯಿಂದ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಕ್ರಮವೂ ಇದೆ. ಡೆಕ್ (ಕಾರ್ಡುಗಳ ಕಟ್ಟು) ಆಯ್ಕೆಗಳಲ್ಲಿ ಅದನ್ನು ಚಾಲೂ ಮಾಡಿಕೊಳ್ಳುವುದು ಒಳ್ಳೆಯದು.

ಆಂಕಿಯನ್ನು ಮಕ್ಕಳು ಮೂರನೆಯ ವಾರ ಬಿಟ್ಟುಬಿಡುವುದಕ್ಕೆ ಕಾರಣ ಬಹುಮಟ್ಟಿಗೆ ಒಂದೇ. ದಿನಕ್ಕೆ 20 ಹೊಸ ಕಾರ್ಡು ಎಂಬುದು ಅದರಲ್ಲಿ ಮೊದಲೇ ಇರುವ ಮಿತಿ. ಹೊಸ ಕಾರ್ಡುಗಳು ಹಳೆಯದಾಗಿ ಮರಳಿ ಬರತೊಡಗಿದಾಗ ದಿನದ ಪುನರಾವರ್ತನೆ ಹೊಸ ಕಾರ್ಡುಗಳ ಏಳೆಂಟು ಪಟ್ಟು ಆಗುತ್ತದೆ. 20ಕ್ಕೆ 150 ಎಂದರೆ ಶಾಲೆಯ ಮಗುವಿಗೆ ಹೊರಲಾರದ ಹೊರೆ. ದಿನಕ್ಕೆ 5 ಎಂದು ಇಡಿ. 35-40 ಕಾರ್ಡು ಹತ್ತು ನಿಮಿಷದೊಳಗೆ ಮುಗಿಯುತ್ತದೆ, ತಿಂಗಳಿಗೆ 150 ಸಂಗತಿ ಕೈಗೂಡುತ್ತದೆ.

ಕಾರ್ಡು ಬರೆಯುವಲ್ಲಿ ನಿಯಮ ಒಂದೇ: ಒಂದು ಕಾರ್ಡು, ಒಂದು ಉತ್ತರ. 'ದ್ಯುತಿಸಂಶ್ಲೇಷಣೆಯನ್ನು ವಿವರಿಸಿ' ಎಂಬ ಕಾರ್ಡಿಗೆ ಮಗು ಪ್ರತಿ ಸಲ ಮುಕ್ಕಾಲು ಸರಿ ಹೇಳುತ್ತದೆ, ಬಿಟ್ಟುಹೋದ ಕಾಲು ಭಾಗ ಪ್ರತಿ ಸಲವೂ ಬಿಟ್ಟೇ ಹೋಗುತ್ತದೆ. ಅದನ್ನೇ ಒಡೆಯಿರಿ. ಬೇಕಾಗುವ ಅನಿಲ ಯಾವುದು? ಹೊರಬರುವ ಅನಿಲ? ಆ ಅನಿಲ ಒಡೆದು ಬರುವುದು ಯಾವ ಪದಾರ್ಥದಿಂದ? ಜೀವಕೋಶದ ಯಾವ ಭಾಗದಲ್ಲಿ ನಡೆಯುತ್ತದೆ? ಮೂರನೆಯ ಪ್ರಶ್ನೆಗೆ 'ಇಂಗಾಲದ ಡೈಆಕ್ಸೈಡ್' ಎಂದು ಹೇಳುವವರೇ ಹೆಚ್ಚು. ಆಮ್ಲಜನಕ ಬರುವುದು ನೀರಿನಿಂದ ಎಂಬುದು ದೊಡ್ಡ ಕಾರ್ಡಿನಲ್ಲಿ ಎಂದೂ ಹೊರಬೀಳುತ್ತಿರಲಿಲ್ಲ. ಹೃದಯ, ಕಣ್ಣು, ಹೂವಿನ ಭಾಗಗಳಂಥ ಚಿತ್ರಗಳಿಗೆ ಹೆಸರುಗಳನ್ನು ಒಂದೊಂದಾಗಿ ಮುಚ್ಚುವ ಇಮೇಜ್ ಆಕ್ಲೂಷನ್ ಎಂಬ ಸೌಲಭ್ಯ ಆಂಕಿಯಲ್ಲಿದೆ.

ಉತ್ತರ ನೋಡಿದ ಮೇಲೆ ಎಷ್ಟು ನೆನಪಾಯಿತೆಂದು ಆಂಕಿಗೆ ತಿಳಿಸುವ ಗುಂಡಿಗಳನ್ನು ಹೇಗೆ ಒತ್ತಬೇಕೆಂಬುದನ್ನು ಮೊದಲ ದಿನವೇ ಹೇಳಿಕೊಡಬೇಕು. ಮರೆತಿದ್ದರೆ 'ಎಗೇನ್'. 'ಹಾರ್ಡ್' ಎಂದರೆ ಕಷ್ಟಪಟ್ಟು ನೆನಪಾಯಿತು ಎಂದರ್ಥ. ಮರೆತಾಗ ನಾಚಿಕೆಪಟ್ಟು 'ಹಾರ್ಡ್' ಒತ್ತಿದರೆ ತಂತ್ರಾಂಶ ಅದನ್ನು ನೆನಪಾಯಿತು ಎಂದೇ ಎಣಿಸಿ ಅಂತರ ಹೆಚ್ಚಿಸುತ್ತದೆ. ಎಂಟು ಸಲ ಮರೆತ ಕಾರ್ಡನ್ನು ಆಂಕಿ 'ಲೀಚ್' ಎಂದು ಗುರುತಿಸುತ್ತದೆ. ಅಂಥ ಕಾರ್ಡಿನಲ್ಲಿ ದೋಷ ಮಗುವಿನ ನೆನಪಿನದ್ದಲ್ಲ, ಕಾರ್ಡಿನ ಬರವಣಿಗೆಯದ್ದು. ಒಡೆದು ಹೊಸದಾಗಿ ಬರೆಯಬೇಕು. ಇಡೀ ತರಗತಿಗೆ ಕಾರ್ಡು ಮಾಡುವಾಗ ಸ್ಪ್ರೆಡ್‌ಶೀಟಿನಲ್ಲಿ ಒಂದು ಕಂಬಕ್ಕೆ ಪ್ರಶ್ನೆ, ಪಕ್ಕದ ಕಂಬಕ್ಕೆ ಉತ್ತರ ಬರೆದು ಆಮದು ಮಾಡಿಕೊಳ್ಳಿ. ಎಕ್ಸೆಲ್‌ನಲ್ಲಿ ಉಳಿಸುವಾಗ ಬರೀ ಸಿಎಸ್‌ವಿ ಎಂದು ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, 'ಸಿಎಸ್‌ವಿ ಯುಟಿಎಫ್-8' ಎಂದಿರುವುದನ್ನೇ ಆರಿಸಬೇಕು.

ವಿಡಿಯೊ ಮಾಡುವುದೇ ಆದರೆ

ಚಿಕ್ಕದು ಮಾಡಿ. ಎಡೆಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿರಲಿ, ಜನ ನೋಡುವ ಅವಧಿಯ ಮಧ್ಯಾಂಕ ಹೆಚ್ಚೆಂದರೆ ಆರು ನಿಮಿಷ. ಎರಡು ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ ಪ್ರಶ್ನೆ ಕೇಳುವಂತೆ ಮಾಡಲು ಎಚ್‌5ಪಿ ಎಂಬ ಉಚಿತ ಸಲಕರಣೆಯಿದೆ. ಆನ್‌ಲೈನ್ ತರಗತಿ ನಡೆಸಲು ಬಳಸುವ ಮೂಡಲ್‌ನೊಳಗೂ ಅದನ್ನು ಬಳಸಬಹುದು. ನಡುವೆ ಹೀಗೆ ಪ್ರಶ್ನೆಗಳು ಬಂದರೆ ನೋಡುವವರ ಮನಸ್ಸು ಬೇರೆಡೆ ಹರಿಯುವುದು ಕಡಿಮೆಯಾಗುತ್ತದೆ ಎಂಬುದನ್ನು 2013ರಲ್ಲಿ ಕಾರ್ಲ್ ಸ್ಪುನರ್ ಮತ್ತು ಸಂಗಡಿಗರು ತೋರಿಸಿದ್ದಾರೆ.

ಚಿತ್ರ ಸ್ವಲ್ಪ ಮಸುಕಾದರೂ ನಡೆಯುತ್ತದೆ, ಧ್ವನಿ ಕೆಟ್ಟರೆ ಯಾರೂ ಕೇಳುವುದಿಲ್ಲ. ಫೋನಿನ ಇಯರ್‌ಫೋನಿನಲ್ಲಿರುವ ಮೈಕನ್ನು ಬಾಯಿಂದ ಒಂದು ಗೇಣು ದೂರ ಸಿಕ್ಕಿಸಿ, ಫ್ಯಾನ್ ಆರಿಸಿ. 720ಪಿ ವಿಡಿಯೊವನ್ನು ಸೆಕೆಂಡಿಗೆ ಒಂದೂವರೆ ಮೆಗಾಬಿಟ್‌ನಂತೆ ಕುಗ್ಗಿಸಿದರೆ ಆರು ನಿಮಿಷಕ್ಕೆ ಸುಮಾರು 68 ಎಂಬಿ ಆಗುತ್ತದೆ. ವಾಟ್ಸಾಪ್‌ನಲ್ಲಿ ವಿಡಿಯೊ ಆಗಿಯೇ ಕಳಿಸಿದರೆ ಅದು ಮತ್ತಷ್ಟು ಕುಗ್ಗಿ ಕೈಬರಹದ ಘಾತಾಂಕ, ದಶಮಾಂಶ ಚುಕ್ಕಿ ಅಳಿಸಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಉತ್ತರ ಹೇಳಿಬಿಡುವ ಯಂತ್ರ

ಚಾಟ್‌ಜಿಪಿಟಿಯಂಥವು ಬಂದ ಮೇಲೆ ಮೇಲಿನದ್ದೆಲ್ಲ ಹಳತಾಯಿತೇ ಎಂದು ಕೇಳುವವರಿದ್ದಾರೆ. ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಗಣಿತ ತರಗತಿಗಳಲ್ಲಿ ನಡೆದ ಪ್ರಯೋಗ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. ಸಾಮಾನ್ಯ ಚಾಟ್‌ಬಾಟ್ ಕೊಟ್ಟವರು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48ರಷ್ಟು ಮೇಲುಗೈ ಸಾಧಿಸಿದರು. ಅದನ್ನು ಹಿಂದಕ್ಕೆ ಪಡೆದು ಪರೀಕ್ಷೆ ಇಟ್ಟಾಗ, ಎಂದೂ ಅದನ್ನು ಬಳಸದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಉತ್ತರ ಹೇಳದೆ ಶಿಕ್ಷಕರು ಸಿದ್ಧಪಡಿಸಿದ ಸುಳಿವುಗಳನ್ನಷ್ಟೇ ಕೊಡುವ ಇನ್ನೊಂದು ಚಾಟ್‌ಬಾಟ್ ಬಳಸಿದವರಲ್ಲಿ ಆ ಹಾನಿ ಬಹುಮಟ್ಟಿಗೆ ಕಾಣಲಿಲ್ಲ. ಯಂತ್ರ ಒಂದೇ, ನೆನಪಿಸಿಕೊಳ್ಳುವ, ಒದ್ದಾಡುವ ಕೆಲಸವನ್ನು ಯಾರು ಮಾಡಿದರು ಎಂಬುದರಲ್ಲಿ ವ್ಯತ್ಯಾಸ.

ಶಿಕ್ಷಕರು ಪ್ರಶ್ನೆಗಳ ಕರಡು ಬರೆಸಿಕೊಳ್ಳಲು ಇದನ್ನು ಧಾರಾಳವಾಗಿ ಬಳಸಬಹುದು. 'ಈ ಪಾಠದ ಮೇಲೆ ಹತ್ತು ಪ್ರಶ್ನೆ' ಎಂದರೆ ಸಪ್ಪೆ ಪ್ರಶ್ನೆಗಳು ಬರುತ್ತವೆ. ಮಕ್ಕಳು ಮಾಡುವ ಮೂರು ತಪ್ಪುಗಳನ್ನು ನೀವೇ ಬರೆದು, ಪ್ರತಿ ತಪ್ಪಿನಿಂದ ಯಾವ ಉತ್ತರ ಬರುತ್ತದೋ ಅದನ್ನೇ ಆಯ್ಕೆಯಾಗಿಸು ಎಂದು ಹೇಳಬೇಕು. ಬಂದ ಪ್ರತಿ ಲೆಕ್ಕವನ್ನೂ ಕೈಯಲ್ಲಿ ಮಾಡಿ ನೋಡಬೇಕು. ತಪ್ಪು ಉತ್ತರವನ್ನು ಸರಿಯೆಂದು ಗುರುತಿಸಿರುತ್ತದೆ, ಕೆಲವೊಮ್ಮೆ ಎರಡು ಆಯ್ಕೆ ಸರಿಯಿರುತ್ತವೆ. ಕನ್ನಡದಲ್ಲಿ ಕೇಳಿದರೆ ಪಠ್ಯಪುಸ್ತಕದಲ್ಲಿಲ್ಲದ ಪಾರಿಭಾಷಿಕ ಪದಗಳನ್ನು ತಾನೇ ಹೊಸೆಯುವುದೂ ಉಂಟು, ಹಾಗಾಗಿ ಪುಸ್ತಕದ ಪದಪಟ್ಟಿಯನ್ನು ಜೊತೆಗೆ ಕೊಡಿ.

ಹೀಗೆ ಕೂಡಿಬಂದ ಪ್ರಶ್ನೆಗಳನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಇಟ್ಟುಕೊಳ್ಳಿ. ಪ್ರಶ್ನೆ, ಅಧ್ಯಾಯ, ಪ್ರತಿ ಆಯ್ಕೆಯ ಹಿಂದಿನ ತಪ್ಪು, ಕೇಳಿದ ದಿನಾಂಕ, ಪ್ರತಿ ಆಯ್ಕೆಗೆ ಬಂದ ಮತ, ಚರ್ಚೆಯ ನಂತರದ ಮತ. ಮಕ್ಕಳ ಹೆಸರು ಈ ಹಾಳೆಯಲ್ಲಿ ಬೇಡ. ಶೇ. 5ಕ್ಕಿಂತ ಕಡಿಮೆ ಮಂದಿ ಆರಿಸುವ ಆಯ್ಕೆ ಎರಡು ಮೂರು ತರಗತಿಗಳಲ್ಲೂ ಹಾಗೆಯೇ ಉಳಿದರೆ ಅದನ್ನು ಕಿತ್ತುಹಾಕಿ ಬೇರೆ ಬರೆಯಿರಿ. ಇನ್ನೊಂದು ತಪ್ಪು ಹೊಳೆಯದಿದ್ದರೆ ಮೂರೇ ಆಯ್ಕೆ ಇರಲಿ, ಊಹೆಯ ಲೆಕ್ಕದಲ್ಲಿ 25ರ ಬದಲು 33 ಕಳೆದು 0.67ರಿಂದ ಭಾಗಿಸಿದರಾಯಿತು. ಒಟ್ಟಾರೆ ಅಂಕದಲ್ಲಿ ಮುಂದಿರುವ ಮೂರನೇ ಒಂದು ಭಾಗದವರು ಒಂದು ಪ್ರಶ್ನೆಯಲ್ಲಿ ಹಿಂದಿರುವ ಮೂರನೇ ಒಂದು ಭಾಗದವರಿಗಿಂತ ಹೆಚ್ಚು ಎಡವಿದ್ದರೆ ಮಕ್ಕಳನ್ನು ಕೇಳುವ ಮೊದಲು ಉತ್ತರದ ಗುರುತನ್ನು ನೋಡಿ. ಬಹಳ ಸಲ ಸರಿಯೆಂದು ಗುರುತಾಗಿರುವುದೇ ತಪ್ಪು ಆಯ್ಕೆ. ಗುರುತು ಸರಿಯಿದ್ದರೆ, ಹೆಚ್ಚು ಯೋಚಿಸುವವರಿಗೆ ಮಾತ್ರ ಕಾಣುವ ಎರಡನೆಯ ಅರ್ಥವೊಂದು ಆ ವಾಕ್ಯದಲ್ಲಿ ಇದ್ದೇ ಇರುತ್ತದೆ. ಮುಂದಿದ್ದ ಇಬ್ಬರು ಮಕ್ಕಳನ್ನು ಕರೆದು ಆ ಆಯ್ಕೆ ಯಾಕೆ ಆರಿಸಿದಿರಿ ಎಂದು ಕೇಳಿದರೆ ಅದು ಯಾವುದೆಂದು ಹೇಳುತ್ತಾರೆ.